ಓದು ಮನೆಯಲ್ಲಿ, ಆಟ ಶಾಲೆಯಲ್ಲಿ: ಟೆಕ್ಸಾಸ್‌ನ ಜಗಳ ನಿಜವಾಗಿ ಯಾವುದರ ಬಗ್ಗೆ?

2025ರ ಬೇಸಿಗೆಯಲ್ಲಿ ಟೆಕ್ಸಾಸ್‌ನ ಊರೂರ ಸ್ಕೂಲ್ ಬೋರ್ಡ್‌ಗಳ ಮುಂದೆ ಒಂದೇ ಪ್ರಶ್ನೆ ಬಂದು ಕೂತಿತು. ಶಾಲೆಗೇ ಸೇರದೆ ಮನೆಯಲ್ಲಿ ಓದುವ ಮಕ್ಕಳನ್ನು ನಮ್ಮ ಶಾಲೆಯ ತಂಡದಲ್ಲಿ ಆಡಿಸಬೇಕೋ ಬೇಡವೋ? ಕೆಲವು ಬೋರ್ಡ್‌ಗಳು ಆಗಲಿ ಅಂದವು. ಹಲವು ಬೇಡ ಎಂದು ಮತ ಹಾಕಿದವು. ಹೀಗಾಗಿ ರಸ್ತೆಯ ಈಚೆ ಬದಿಯ ಹುಡುಗ ತನ್ನೂರ ತಂಡದಲ್ಲಿ ಆಡಬಹುದು, ಆಚೆ ಬದಿಯವನು ಆಡುವಂತಿಲ್ಲ ಎನ್ನುವ ವಿಚಿತ್ರ ಸ್ಥಿತಿ ಬಂದಿದೆ.

ಡಾಲಸ್, ಆಸ್ಟಿನ್, ಹ್ಯೂಸ್ಟನ್ ಸುತ್ತ ಕನ್ನಡದ ಮನೆಗಳು ಸಾಕಷ್ಟಿವೆ. ಆದರೂ ನಮ್ಮ ಕಡೆಯಿಂದ ನೋಡುವವರಿಗೆ ಈ ಸುದ್ದಿಯ ಬುಡ ತಲೆ ತಿಳಿಯುವುದು ಕಷ್ಟ. ಶಾಲೆ ಬೇಡ ಅಂತ ಬಿಟ್ಟವರಿಗೆ ಶಾಲೆಯ ಜೆರ್ಸಿ ಯಾಕೆ ಬೇಕು? ಆಡಲೇಬೇಕು ಅಂದರೆ ಯಾವುದಾದರೂ ಕ್ಲಬ್ಬಿಗೆ ಸೇರಿದರಾಯ್ತಲ್ಲ? ಇನ್ನೊಂದು ಕಡೆ, ಯಾರೋ ಒಬ್ಬ ಹುಡುಗ ಬಂದು ಆಡಿ ಹೋದರೆ ಬೋರ್ಡಿನ ಗಂಟೇನು ಹೋಗುತ್ತೆ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾನೂನು ತಿರುಗಿಸಿದ್ದು ಏನನ್ನು

ಟೆಕ್ಸಾಸ್‌ನ ಸರ್ಕಾರಿ ಶಾಲೆಗಳ ಕ್ರೀಡೆಯನ್ನೆಲ್ಲ ನಡೆಸುವುದು ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್. ಎಲ್ಲರೂ ಯುಐಎಲ್ ಅಂತಾರೆ. ನೂರು ವರ್ಷಕ್ಕೂ ಹಳೆಯ ಸಂಸ್ಥೆ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಮಾತ್ರ ಅಲ್ಲ, ಬ್ಯಾಂಡ್, ಚರ್ಚಾಸ್ಪರ್ಧೆ, ಗಣಿತ ಸ್ಪರ್ಧೆ ಕೂಡ ಇದರ ಕೆಳಗೇ ಬರುತ್ತವೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ತಂಡದಲ್ಲಿ ಜಾಗ ಎನ್ನುವುದು ಇಲ್ಲಿನ ಹಳೆಯ ನಿಯಮವಾಗಿತ್ತು.

2021ರಲ್ಲಿ ಹೌಸ್ ಬಿಲ್ 547 ಈ ನಿಯಮವನ್ನು ಸ್ವಲ್ಪ ಸಡಿಲಿಸಿತು. ಹೋಮ್‌ಸ್ಕೂಲ್ ಮಕ್ಕಳನ್ನು ಸೇರಿಸಿಕೊಳ್ಳಲು ಇಷ್ಟವಿರುವ ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಸೇರಿಸಿಕೊಳ್ಳಬಹುದು ಅಂತ ಹೇಳಿತು. 2025ರಲ್ಲಿ ಬಂದ ಸೆನೆಟ್ ಬಿಲ್ 401 ಇದನ್ನೇ ಮಗುಚಿ ಹಾಕಿತು. ಬೇಡ ಎನ್ನುವ ಡಿಸ್ಟ್ರಿಕ್ಟ್ ಬೋರ್ಡ್ ಸಭೆ ಕರೆದು, ಮತ ಹಾಕಿ, ಬೇಡ ಎಂದು ಹೇಳಬೇಕು. ಹೇಳದಿದ್ದರೆ ಬಾಗಿಲು ತೆರೆದ ಹಾಗೆ.

ವ್ಯತ್ಯಾಸ ಸಣ್ಣದು ಅನಿಸಬಹುದು. ಅಲ್ಲ. ಮೊದಲು ಸುಮ್ಮನೆ ಕೂತರೆ 'ಇಲ್ಲ' ಎಂದರ್ಥ. ಈಗ ಸುಮ್ಮನೆ ಕೂತರೆ 'ಹೌದು' ಎಂದರ್ಥ. ನಾಲ್ಕು ವರ್ಷ ಬಾಯಿಬಿಡದೆ ಇದ್ದ ಬೋರ್ಡ್‌ಗಳೆಲ್ಲ ಒಂದೇ ಬೇಸಿಗೆಯಲ್ಲಿ ಮಾತಾಡಬೇಕಾಯಿತು. ಸುದ್ದಿ ಒಮ್ಮೆಲೇ ಸ್ಫೋಟವಾದದ್ದಕ್ಕೆ ಇದೇ ಕಾರಣ.

ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆ ಅಲ್ಲ. ಅದು ಬರೀ ಶಾಲೆಗಳಿಗಾಗಿಯೇ ಇರುವ ಸ್ಥಳೀಯ ಸಂಸ್ಥೆ. ಅದಕ್ಕೆ ಚುನಾಯಿತ ಬೋರ್ಡ್ ಇರುತ್ತೆ, ಮನೆ-ಜಮೀನಿನ ಮೇಲೆ ತೆರಿಗೆ ಹಾಕುವ ಅಧಿಕಾರ ಇರುತ್ತೆ. ಟೆಕ್ಸಾಸ್‌ನಲ್ಲಿ ಇಂಥವು ಸಾವಿರಕ್ಕೂ ಜಾಸ್ತಿ ಇವೆ. ಸಾವಿರ ಬೋರ್ಡ್, ಸಾವಿರ ತೀರ್ಮಾನ.

ಶುಕ್ರವಾರ ರಾತ್ರಿಯ ಬೆಲೆ

ಬೆಂಗಳೂರಿನ ಹುಡುಗಿಯೊಬ್ಬಳು ಈಜಿನಲ್ಲಿ ಮುಂದೆ ಬರಬೇಕೆಂದರೆ ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ ಕಡೆ ಸೇರುತ್ತಾಳೆ. ಬ್ಯಾಡ್ಮಿಂಟನ್ ಆದರೆ ಪಡುಕೋಣೆ ಅಕಾಡೆಮಿ. ಕ್ರಿಕೆಟ್ ಆದರೆ ಕೆಎಸ್‌ಸಿಎ ಲೀಗಿನಲ್ಲಿ ಆಡುವ ಯಾವುದೋ ಕ್ಲಬ್. ಶಾಲೆಯ ಕ್ರೀಡಾಕೂಟ ಹೋಬಳಿ, ತಾಲೂಕು, ಜಿಲ್ಲೆ ಅಂತ ಮೇಲೆ ಹೋಗುತ್ತೆ ನಿಜ. ಆದರೆ ದೊಡ್ಡ ಆಟಗಾರರಾಗುವ ಮಕ್ಕಳ ಬೆಳಗಿನ ಐದು ಗಂಟೆ ಕಳೆಯುವುದು ಕ್ಲಬ್ಬಿನಲ್ಲಿ. 'ಕ್ಲಬ್ಬಿಗೆ ಸೇರಿದರಾಯ್ತಲ್ಲ' ಎಂಬ ಪ್ರಶ್ನೆ ನಮಗೆ ಅಷ್ಟು ಸಹಜವಾಗಿ ಬರುವುದು ಇದರಿಂದಲೇ.

ಅಮೆರಿಕದಲ್ಲೂ ಸಾಕರ್ (ನಾವು ಫುಟ್‌ಬಾಲ್ ಅನ್ನುವ ಆಟ), ಟೆನಿಸ್, ಈಜಿಗೆ ಕ್ಲಬ್ ದಾರಿ ಇದೆ. ಅಮೆರಿಕನ್ ಫುಟ್‌ಬಾಲ್‌ಗೆ ಆ ವಯಸ್ಸಿನಲ್ಲಿ ಹೇಳಿಕೊಳ್ಳುವಂಥ ಕ್ಲಬ್ ದಾರಿ ಇಲ್ಲ. ಒಂದು ತಂಡ ಕಟ್ಟಬೇಕಾದರೆ ನಲವತ್ತು ಐವತ್ತು ಹುಡುಗರು ಬೇಕು. ಪ್ರತಿಯೊಬ್ಬನಿಗೂ ಹೆಲ್ಮೆಟ್, ಭುಜಕ್ಕೆ ಪ್ಯಾಡ್. ಐದಾರು ಕೋಚ್‌ಗಳು, ಬಸ್ಸು, ಮೈದಾನ, ದೀಪ. ಇದನ್ನೆಲ್ಲ ಹೊರುವ ಶಕ್ತಿ ಇರುವುದು ಶಾಲೆಗೆ ಮಾತ್ರ. ದೊಡ್ಡ ಮಾರ್ಚಿಂಗ್ ಬ್ಯಾಂಡಿನ ಕತೆಯೂ ಇದೇ. ತೊಂಬತ್ತು ಜನ ಕಹಳೆ-ಡೋಲು ಹಿಡಿದು ಹೆಜ್ಜೆ ಹಾಕುವುದನ್ನು ಮನೆಯಲ್ಲಿ ಕಲಿಸಲು ಆಗಲ್ಲ.

ಟೆಕ್ಸಾಸ್‌ನಲ್ಲಿ ಶಾಲೆಯ ಫುಟ್‌ಬಾಲ್ ಎಷ್ಟು ದೊಡ್ಡದು ಎಂದು ತಿಳಿಯಲು ಡಾಲಸ್ ಪಕ್ಕದ ಆಲನ್ ಊರನ್ನು ನೋಡಿದರೆ ಸಾಕು. ಅಲ್ಲಿನ ಹೈಸ್ಕೂಲಿಗೆ 2012ರಲ್ಲಿ ಒಂದು ಸ್ಟೇಡಿಯಂ ಕಟ್ಟಿದರು. 18,000 ಸೀಟು, ಖರ್ಚು ಸುಮಾರು 6 ಕೋಟಿ ಡಾಲರ್. ಹೈಸ್ಕೂಲಿಗೆ! ಶುಕ್ರವಾರ ರಾತ್ರಿ ಊರಿಗೆ ಊರೇ ಅಲ್ಲಿರುತ್ತೆ. ಕಾಲೇಜು ತಂಡಗಳವರು ಹುಡುಗರನ್ನು ಆರಿಸಿಕೊಳ್ಳಲು ಬರುವುದೂ ಇಂಥ ಮ್ಯಾಚಿಗೇ. ಒಳ್ಳೆಯ ಆಟಗಾರನಿಗೆ ಕಾಲೇಜಿನ ಪೂರ್ತಿ ಫೀಸು ಮಾಫಿಯಾಗುವ ಅವಕಾಶ ಇದೆ. ಆ ಬಾಗಿಲು ಮುಚ್ಚಿದ್ದರೆ ಬೇರೆ ಬಾಗಿಲು ಹುಡುಕುವುದು ಕಷ್ಟ.

ಟೀಬೋ: ಎರಡೂ ಕಡೆಯವರ ಸಾಕ್ಷಿ

ಇಂಥ ಮಸೂದೆಗಳನ್ನು ಅಮೆರಿಕದ ತುಂಬ 'ಟಿಮ್ ಟೀಬೋ ಬಿಲ್' ಎಂದೇ ಕರೆಯುತ್ತಾರೆ. ಟೀಬೋ ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಮನೆಯಲ್ಲೇ ಓದಿ ಬೆಳೆದವನು. ಫ್ಲೋರಿಡಾ 1996ರಲ್ಲೇ ಹೋಮ್‌ಸ್ಕೂಲ್ ಮಕ್ಕಳಿಗೆ ಸರ್ಕಾರಿ ಶಾಲೆಯ ತಂಡಗಳಲ್ಲಿ ಆಡಲು ಅವಕಾಶ ಕೊಟ್ಟಿತ್ತು. ಅದರ ಬಲದಲ್ಲಿ ಅವನು ನೀಸ್ ಹೈಸ್ಕೂಲ್ ಪರ ಆಡಿದ. 2005ರಲ್ಲಿ ತಂಡಕ್ಕೆ ರಾಜ್ಯ ಪ್ರಶಸ್ತಿ ಬಂತು. ಫ್ಲೋರಿಡಾ ವಿಶ್ವವಿದ್ಯಾಲಯ ಸೇರಿ 2007ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹೈಸ್ಮನ್ ಟ್ರೋಫಿ ಗೆದ್ದ.

ಪರ ಇರುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ? ಕಾನೂನು ಇಲ್ಲದಿದ್ದರೆ ಈ ಹುಡುಗ ಎಲ್ಲಿರುತ್ತಿದ್ದ ಅಂತ ಕೇಳುತ್ತಾರೆ.

ಆದರೆ ಕತೆಯಲ್ಲಿ ಇನ್ನೊಂದು ಎಳೆ ಇದೆ. ಟೀಬೋ ಮೊದಲು ಆಡುತ್ತಿದ್ದದ್ದು ಜಾಕ್ಸನ್‌ವಿಲ್‌ನ ಒಂದು ಕ್ರಿಶ್ಚಿಯನ್ ಶಾಲೆಗೆ. ಅವನಿಗೆ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವವನು, ಆಗುವ ಆಸೆ. ಅಲ್ಲಿ ಅವನನ್ನು ಬೇರೆ ಜಾಗದಲ್ಲಿ ಆಡಿಸುತ್ತಿದ್ದರು. ಆಗ ಅವನೂ ಅವನ ತಾಯಿಯೂ ಪಕ್ಕದ ಸೇಂಟ್ ಜಾನ್ಸ್ ಕೌಂಟಿಯಲ್ಲಿ ಒಂದು ಅಪಾರ್ಟ್‌ಮೆಂಟ್ ಹಿಡಿದು ಅಲ್ಲಿಗೆ ಹೋಗಿ ಇದ್ದರು. ಆ ವಿಳಾಸದ ಮೇಲೆ ನೀಸ್ ಶಾಲೆಯಲ್ಲಿ ಆಡುವ ಹಕ್ಕು ಬಂತು. ಕಾನೂನಿನ ಪ್ರಕಾರ ತಪ್ಪೇನಿಲ್ಲ. ಆದರೆ ವಿರೋಧಿಸುವ ಕೋಚ್‌ಗಳು ಬೊಟ್ಟು ಮಾಡುವುದು ಇಲ್ಲಿಗೇ. ಶಾಲೆಗೆ ಹೋಗುವ ಮಗು ಮನೆ ಬದಲಿಸಿದರೆ ಪಾಠ, ಮೇಷ್ಟ್ರು, ಗೆಳೆಯರು ಎಲ್ಲ ಬದಲಾಗುತ್ತೆ. ಹೋಮ್‌ಸ್ಕೂಲ್ ಹುಡುಗನಿಗೆ ಬದಲಾಗುವುದು ತಂಡ ಒಂದೇ. ಊಟದ ಮೇಜಿನ ಮೇಲಿನ ಪುಸ್ತಕ ಯಾವ ಅಪಾರ್ಟ್‌ಮೆಂಟಿಗೆ ಬೇಕಾದರೂ ಬರುತ್ತೆ.

ಈ ಭಯದಲ್ಲಿ ಹುರುಳಿಲ್ಲದೆ ಇಲ್ಲ, ಆದರೆ ಅಳತೆ ಮೀರಿದೆ. ಒಳ್ಳೆಯ ತಂಡ ಹುಡುಕಿಕೊಂಡು ಶಾಲೆಯಿಂದ ಶಾಲೆಗೆ ಹಾರುವ ಕೆಲಸವನ್ನು ಶಾಲಾ ಮಕ್ಕಳೇ ಮೊದಲಿನಿಂದ ಮಾಡಿಕೊಂಡು ಬಂದಿದ್ದಾರೆ. ಫ್ಲೋರಿಡಾ 2016ರಲ್ಲಿ ವರ್ಗಾವಣೆ ನಿಯಮವನ್ನು ಎಷ್ಟು ಸಡಿಲಿಸಿತೆಂದರೆ ಶಾಲೆ ಬದಲಿಸಿದವನು ಕಾಯದೇ ಹೊಸ ತಂಡದಲ್ಲಿ ಆಡಬಹುದು. ತಂಡ ಕಟ್ಟಲು ಹುಡುಗರನ್ನು ಎಳೆಯುವ ಚಾಳಿಗೆ ಹೋಮ್‌ಸ್ಕೂಲ್ ಮಕ್ಕಳನ್ನು ಮಾತ್ರ ಹೊಣೆ ಮಾಡುವುದು ಅನ್ಯಾಯ.

'ತೆರಿಗೆ ಕಟ್ಟಿದ್ದೇವಲ್ಲ?'

ಹೋಮ್‌ಸ್ಕೂಲ್ ಪೋಷಕರ ಮೊದಲ ವಾದ ಇದೇ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಶಾಲೆಗಳ ದೊಡ್ಡ ಆಧಾರ ಆಸ್ತಿ ತೆರಿಗೆ. ಮಗು ಶಾಲೆಗೆ ಹೋಗಲಿ ಬಿಡಲಿ, ಮನೆ ಇದ್ದವರು ಕಟ್ಟಲೇಬೇಕು. ಆ ಸ್ಟೇಡಿಯಂನ ಇಟ್ಟಿಗೆಯಲ್ಲಿ ನಮ್ಮ ದುಡ್ಡೂ ಇದೆ, ಹಾಗಾದರೆ ನಮ್ಮ ಮಗು ಯಾಕೆ ಆಡಬಾರದು?

ಕೇಳಲು ಗಟ್ಟಿಯಾದ ವಾದ. ಆದರೆ ಕೋರ್ಟುಗಳು ಇದನ್ನು ಒಪ್ಪಿದ್ದು ಕಮ್ಮಿ. ಮಕ್ಕಳಿಲ್ಲದವರೂ ಶಾಲಾ ತೆರಿಗೆ ಕಟ್ಟುತ್ತಾರೆ. ಕಟ್ಟಿದ್ದಕ್ಕೆ ಬಿಡಿಬಿಡಿಯಾಗಿ ಸೇವೆ ಕೇಳುವ ಹಕ್ಕು ಅದರಿಂದ ಬರುವುದಿಲ್ಲ. ಶಿಕ್ಷಣದ ಹಕ್ಕು ಎಂದರೆ ಇಡೀ ಶಿಕ್ಷಣದ ಹಕ್ಕು, ಅದರೊಳಗಿನ ಫುಟ್‌ಬಾಲ್ ಒಂದನ್ನೇ ಆರಿಸಿಕೊಳ್ಳುವ ಹಕ್ಕಲ್ಲ ಎನ್ನುವುದು ಹಲವು ತೀರ್ಪುಗಳ ಸಾರ. 2005ರಲ್ಲಿ ವೆಸ್ಟ್ ವರ್ಜೀನಿಯಾದ ಸುಪ್ರೀಂ ಕೋರ್ಟ್ ಕೂಡ ಹೋಮ್‌ಸ್ಕೂಲ್ ಕುಟುಂಬದ ವಿರುದ್ಧವೇ ತೀರ್ಪು ಕೊಟ್ಟಿತು. ಮುಂದೆ ಅಲ್ಲಿನ ಶಾಸನಸಭೆಯೇ ಕಾನೂನು ಮಾಡಿ ಬಾಗಿಲು ತೆರೆಯಿತು. ಪಾಠ ಸ್ಪಷ್ಟವಿತ್ತು: ಕೋರ್ಟಿನಲ್ಲಿ ಆಗದ್ದನ್ನು ಶಾಸಕರ ಹತ್ತಿರ ಮಾಡಿಸಿಕೊಳ್ಳಬೇಕು. ಟೀಬೋ ಬಿಲ್‌ಗಳು ರಾಜ್ಯದಿಂದ ರಾಜ್ಯಕ್ಕೆ ಹಬ್ಬಿದ್ದು ಹೀಗೆ. ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಒಂದಲ್ಲ ಒಂದು ರೀತಿಯ ಅವಕಾಶ ಇದೆ. ನ್ಯೂಯಾರ್ಕ್ ಇನ್ನೂ ಶಾಲೆಗೆ ದಾಖಲಾದವರಿಗಷ್ಟೇ ಆಟ ಅನ್ನುತ್ತಿರುವ ದೊಡ್ಡ ರಾಜ್ಯಗಳಲ್ಲಿ ಒಂದು.

ದುಡ್ಡಿನ ಇನ್ನೊಂದು ಮಗ್ಗುಲು ಬೋರ್ಡ್‌ಗಳದ್ದು. ಟೆಕ್ಸಾಸ್‌ನಲ್ಲಿ ರಾಜ್ಯ ಕೊಡುವ ಹಣ ಮಕ್ಕಳ ಸರಾಸರಿ ಹಾಜರಿಯ ಮೇಲೆ ನಿಂತಿದೆ. ಲೆಕ್ಕಕ್ಕೆ ಮೂಲವಾದ ಮೊತ್ತ 2019ರಿಂದ ಬಹಳ ವರ್ಷ ಒಂದು ಮಗುವಿಗೆ 6,160 ಡಾಲರ್ ಇತ್ತು. ಹೋಮ್‌ಸ್ಕೂಲ್ ಮಗು ಹಾಜರಿಯಲ್ಲೇ ಇಲ್ಲ, ಆದ್ದರಿಂದ ಅದರ ಹೆಸರಿನಲ್ಲಿ ಈ ದುಡ್ಡು ಬರಲ್ಲ. ಹಾಗಂತ ಒಬ್ಬ ಹುಡುಗ ಹೆಚ್ಚಾದರೆ ಖರ್ಚೇನು? ಒಂದು ಹೆಲ್ಮೆಟ್, ಒಂದು ಜೆರ್ಸಿ. ಬಸ್ಸು ಹೇಗೂ ಹೋಗುತ್ತೆ.

ಆಡಲು ಬರುವವನಿಂದ ಆಗುವ ಖರ್ಚು ದೊಡ್ಡ ವಿಷಯವೇ ಅಲ್ಲ. ಭಯ ಇರುವುದು ಬಿಟ್ಟು ಹೋಗುವವನ ಬಗ್ಗೆ. ಎಷ್ಟೋ ಹುಡುಗರನ್ನು ಶಾಲೆಯಲ್ಲಿ ಕಟ್ಟಿ ಹಾಕಿರುವುದೇ ತಂಡ. ತಂಡ ಬೇಕೆಂದರೆ ಶಾಲೆಗೂ ಬರಬೇಕು ಎನ್ನುವ ಗಂಟು ಬಿಚ್ಚಿದರೆ, ಶಾಲೆ ಬಿಟ್ಟು ಆಟ ಮಾತ್ರ ಇಟ್ಟುಕೊಳ್ಳುವವರು ಬರಬಹುದು. ಹಾಗೆ ಒಬ್ಬ ಹೋದರೆ ಹಾಜರಿಯ ದುಡ್ಡೂ ಅವನ ಹಿಂದೆಯೇ ಹೋಗುತ್ತೆ.

69 ಬಂದ ಹುಡುಗ

ಇಡೀ ಜಗಳದ ಮುಳ್ಳು ಇರುವುದು ಇಲ್ಲಿ. ಇದನ್ನು ನಿಧಾನವಾಗಿ ನೋಡಬೇಕು.

1984ರಲ್ಲಿ ಟೆಕ್ಸಾಸ್ ಒಂದು ನಿಯಮ ತಂದಿತು. ಪಾಸಾಗದಿದ್ದರೆ ಆಟ ಇಲ್ಲ. ಇದರ ಹಿಂದೆ ಇದ್ದದ್ದು ಉದ್ಯಮಿ ರಾಸ್ ಪೆರೊ ನೇತೃತ್ವದ ಸಮಿತಿ. ಮುಂದೆ ಅಧ್ಯಕ್ಷ ಚುನಾವಣೆಗೆ ನಿಂತ ಅದೇ ಪೆರೊ. ಫುಟ್‌ಬಾಲ್ ಅಂದರೆ ಪ್ರಾಣ ಬಿಡುವ ರಾಜ್ಯದಲ್ಲಿ ಇಂಥ ನಿಯಮ ತಂದಾಗ ಎಷ್ಟು ಗಲಾಟೆ ಆಗಿರಬೇಕು ಯೋಚಿಸಿ.

ನಿಯಮ ಕೆಲಸ ಮಾಡುವುದು ಹೀಗೆ. ಪ್ರತಿ ಗ್ರೇಡಿಂಗ್ ಅವಧಿ ಮುಗಿದಾಗ ಅಂಕ ನೋಡುತ್ತಾರೆ. ಪಾಸಿಗೆ 70 ಬೇಕು. ಬೀಜಗಣಿತದಲ್ಲಿ 69 ಬಂತಾ? ಮೂರು ವಾರ ಮ್ಯಾಚ್ ಇಲ್ಲ. ಪ್ರಾಕ್ಟೀಸ್‌ಗೆ ಬರಬಹುದು, ಬೆವರು ಸುರಿಸಬಹುದು, ಶುಕ್ರವಾರ ರಾತ್ರಿ ಮಾತ್ರ ಅಂಗಳಕ್ಕೆ ಇಳಿಯುವಂತಿಲ್ಲ. ಮೂರು ವಾರದಲ್ಲಿ ಎಲ್ಲ ವಿಷಯದಲ್ಲೂ ಪಾಸಾಗುವ ಮಟ್ಟಕ್ಕೆ ಬಂದರೆ ವಾಪಸ್. ಊರಿನ ಸ್ಟಾರ್ ಆಟಗಾರನೇ ಆದರೂ ಇದೇ. ಅಂಕ ಕೊಡುವುದು ಮೇಷ್ಟ್ರು, ಆಡಿಸುವುದು ಕೋಚ್, ಇಬ್ಬರೂ ಬೇರೆ ಬೇರೆ. ನಿಯಮದ ಜೀವ ಇರುವುದೇ ಈ ಬೇರೆತನದಲ್ಲಿ.

ಈಗ ಹೋಮ್‌ಸ್ಕೂಲ್ ಹುಡುಗನನ್ನು ಇಲ್ಲಿ ತಂದು ನಿಲ್ಲಿಸಿ. ಅವನ ಮೇಷ್ಟ್ರು ಯಾರು? ಅಮ್ಮ. ಬೀಜಗಣಿತಕ್ಕೆ 69 ಹಾಕಬೇಕೋ 71 ಹಾಕಬೇಕೋ ತೀರ್ಮಾನಿಸುವವರು ಅವರೇ. ಆ ಶುಕ್ರವಾರ ಗ್ಯಾಲರಿಯಲ್ಲಿ ಮಗನ ಹೆಸರು ಕೂಗುವವರೂ ಅವರೇ.

2021ರ ಕಾನೂನು ಇದಕ್ಕೆ ಎರಡು ಹಂತದ ಉತ್ತರ ಕೊಟ್ಟಿತು. ಮೊದಲನೆಯದು, ರಾಷ್ಟ್ರಮಟ್ಟದ ಒಂದು ಪರೀಕ್ಷೆ ಬರೆದು ತನ್ನ ತರಗತಿಗೆ ತಕ್ಕ ಮಟ್ಟ ಇದೆ ಎಂದು ತೋರಿಸಬೇಕು. ಎರಡನೆಯದು, ಶಾಲೆಯ ಗ್ರೇಡಿಂಗ್ ಕ್ಯಾಲೆಂಡರ್ ಪ್ರಕಾರ ಆಗಾಗ 'ಎಲ್ಲ ವಿಷಯದಲ್ಲೂ ಪಾಸಾಗುತ್ತಿದ್ದಾನೆ' ಎಂದು ಪೋಷಕರು ಬರೆದು ಕೊಡಬೇಕು. ಪರೀಕ್ಷೆ ಹೊರಗಿನವರದ್ದು, ಸರಿ. ಆದರೆ ಒಂದು ಸಲ ಬರೆದ ಪರೀಕ್ಷೆ ವಾರ ವಾರದ ಓದನ್ನು ಹೇಳಲ್ಲ. ವಾರ ವಾರದ ಓದಿಗೆ ಇರುವ ಸಾಕ್ಷಿ ಅಮ್ಮನ ಸಹಿ.

ಇಲ್ಲಿ ಪೋಷಕರು ಸುಳ್ಳು ಬರೆಯುತ್ತಾರೆ ಎನ್ನುವುದಲ್ಲ ವಿಷಯ. ಬಹಳಷ್ಟು ಮಂದಿ ಬರೆಯಲ್ಲ, ಶಾಲೆಗಿಂತ ಬಿಗಿಯಾಗಿ ಓದಿಸುವ ಮನೆಗಳೂ ಇವೆ. ವಿಷಯ ಏನೆಂದರೆ, ಪಕ್ಕದಲ್ಲಿ 69 ಬಂದು ಬೆಂಚಿನ ಮೇಲೆ ಕೂತ ಹುಡುಗನಿಗೆ ಇದನ್ನು ಹೇಗೆ ವಿವರಿಸುವುದು? ಅವನಿಗೆ ಒಂದು ಅಂಕವನ್ನು ಯಾರೂ ಬಿಟ್ಟುಕೊಡಲಿಲ್ಲ. ವರ್ಜೀನಿಯಾದಲ್ಲಿ ಗವರ್ನರ್ ಟೆರಿ ಮೆಕಾಲಿಫ್ 2015, 2016, 2017ರಲ್ಲಿ ಮೂರು ವರ್ಷವೂ ಟೀಬೋ ಬಿಲ್‌ಗೆ ಸಹಿ ಹಾಕದೆ ವಾಪಸ್ ಕಳಿಸಿದರು. ಅವರ ಮುಖ್ಯ ಕಾರಣ ಇದೇ ಆಗಿತ್ತು: ಶಾಲೆಯ ಮಕ್ಕಳಿಗೆ ಓದಿನ ಶರತ್ತು ಇದೆ, ಇವರಿಗೆ ಅದೇ ಶರತ್ತು ಇಲ್ಲ.

ಇನ್ನೂ ಒಂದು ಸಂದು ಇದೆ. ಗಣಿತದಲ್ಲಿ ಫೇಲಾಗುವ ಸೂಚನೆ ಕಂಡ ಹುಡುಗ ಅಕ್ಟೋಬರ್‌ನಲ್ಲಿ ಶಾಲೆ ಬಿಟ್ಟು 'ನಾನಿನ್ನು ಹೋಮ್‌ಸ್ಕೂಲ್' ಅಂದರೆ? ಈ ಸಂದನ್ನು ಟೆಕ್ಸಾಸ್ ಕಾನೂನು ಚೆನ್ನಾಗಿಯೇ ಮುಚ್ಚಿದೆ. ಯಾವ ವರ್ಷ ಸರ್ಕಾರಿ ಶಾಲೆಯಲ್ಲಿ ದಾಖಲಾಗಿದ್ದನೋ ಆ ವರ್ಷದ ಉಳಿದ ಅವಧಿಗೆ ಹೋಮ್‌ಸ್ಕೂಲ್ ಹೆಸರಿನಲ್ಲಿ ಆಡುವಂತಿಲ್ಲ. ಮುಂದಿನ ವರ್ಷಕ್ಕೆ ಈ ತಡೆ ಇಲ್ಲ ಅನ್ನೋದು ಬೇರೆ ಮಾತು.

ಜಾರ್ಜಿಯಾ ಬೇರೆ ದಾರಿ ಹಿಡಿಯಿತು. ಅಲ್ಲಿ 2021ರ ಡೆಕ್ಸ್ಟರ್ ಮೋಸ್ಲಿ ಕಾಯ್ದೆ ಪ್ರಕಾರ ಆಡಬೇಕಾದರೆ ಶಾಲೆ ನಡೆಸುವ ಒಂದು ಕೋರ್ಸನ್ನಾದರೂ ತೆಗೆದುಕೊಳ್ಳಬೇಕು. ಹುಡುಗನ ಒಂದು ವಿಷಯದ ಅಂಕವಾದರೂ ಅಮ್ಮನಲ್ಲದ ಮೇಷ್ಟ್ರ ಕೈಯಿಂದ ಬರುತ್ತೆ. ಜೊತೆಗೆ ಶಾಲೆಯ ಪುಸ್ತಕದಲ್ಲಿ ಅವನ ಹೆಸರು ಒಂದು ಸಾಲಾದರೂ ಇರುತ್ತೆ. ಟೆಕ್ಸಾಸ್‌ನ ಸಹಿಗಿಂತ ಇದು ನ್ಯಾಯಕ್ಕೆ ಹತ್ತಿರ. ಎರಡೂ ಕಡೆಯವರು ಸ್ವಲ್ಪ ಬಗ್ಗಬೇಕಾಗುತ್ತೆ, ಅದೇ ಇದರ ಗುಣ.

ಹೋಮ್‌ಸ್ಕೂಲ್ ಮನೆಗಳಲ್ಲೇ ಒಡಕು

ಇದು ಹೊರಗಿನವರಿಗೆ ಅಚ್ಚರಿ ತರುವ ಸಂಗತಿ. ಈ ಕಾನೂನನ್ನು ವಿರೋಧಿಸುವವರಲ್ಲಿ ಹೋಮ್‌ಸ್ಕೂಲ್ ಪೋಷಕರೂ ಇದ್ದಾರೆ.

ಕಾರಣ ತಿಳಿಯಲು ಟೆಕ್ಸಾಸ್‌ನಲ್ಲಿ ಅವರಿಗಿರುವ ಸ್ವಾತಂತ್ರ್ಯ ನೋಡಬೇಕು. ಲೀಪರ್ ಪ್ರಕರಣದಲ್ಲಿ 1994ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೋಮ್‌ಸ್ಕೂಲನ್ನು ಒಂದು ಖಾಸಗಿ ಶಾಲೆ ಎಂದೇ ಪರಿಗಣಿಸಿತು. ಓದು, ಕಾಗುಣಿತ, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕತೆ, ಈ ಐದನ್ನು ಪ್ರಾಮಾಣಿಕವಾಗಿ ಕಲಿಸಿದರೆ ಸಾಕು. ಸರ್ಕಾರದ ಹತ್ತಿರ ನೋಂದಣಿ ಇಲ್ಲ, ವಾರ್ಷಿಕ ಪರೀಕ್ಷೆ ಇಲ್ಲ, ಇನ್ಸ್‌ಪೆಕ್ಟರ್ ಇಲ್ಲ. ಅಮೆರಿಕದಲ್ಲೇ ಅತಿ ಸಡಿಲ ನಿಯಮಗಳಲ್ಲಿ ಇದೂ ಒಂದು.

ಆಟಕ್ಕೆ ಅವಕಾಶ ಕೇಳಿದರೆ ಪರೀಕ್ಷೆ ಬರುತ್ತೆ, ಕಾಗದ ಬರುತ್ತೆ. ಇವತ್ತು ಆಡುವ ಮಕ್ಕಳಿಗೆ ಪರೀಕ್ಷೆ, ನಾಳೆ ಎಲ್ಲ ಹೋಮ್‌ಸ್ಕೂಲ್ ಮಕ್ಕಳಿಗೂ ಯಾಕೆ ಬೇಡ ಅನ್ನುವುದಿಲ್ಲವೇ? ಬೆರಳು ತೋರಿಸಿದರೆ ಹಸ್ತ ನುಂಗುತ್ತಾರೆ ಎನ್ನುವುದು ಇವರ ಅನುಮಾನ. ಇನ್ನೊಂದು ಗುಂಪು, ಅದರಲ್ಲೂ ಟೆಕ್ಸಾಸ್ ಹೋಮ್ ಸ್ಕೂಲ್ ಕೋಯಲಿಷನ್, ಬೇಕಾದವರು ಮಾತ್ರ ಪರೀಕ್ಷೆ ಬರೆಯುತ್ತಾರೆ, ಉಳಿದವರನ್ನು ಯಾರೂ ಮುಟ್ಟಲ್ಲ ಎಂದು ವಾದಿಸಿ ಈ ಕಾನೂನಿಗಾಗಿ ವರ್ಷಗಟ್ಟಲೆ ಓಡಾಡಿತು.

ಹೋಮ್‌ಸ್ಕೂಲ್ ಕುಟುಂಬಗಳೇ ಸೇರಿ ಕಟ್ಟಿಕೊಂಡ ತಂಡಗಳ ಚಿಂತೆಯೂ ಇದೆ. ಶಾಲೆಯ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅಪ್ಪ-ಅಮ್ಮಂದಿರೇ ಕೋಚ್ ಆಗಿ, ಬಾಡಿಗೆ ಜಿಮ್ ಹಿಡಿದು ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಬೆಳೆಸಿದರು. ಚೆನ್ನಾಗಿ ಆಡುವ ನಾಲ್ಕು ಮಕ್ಕಳು ಶಾಲೆಯ ತಂಡಕ್ಕೆ ಹೋದರೆ ಇಲ್ಲಿ ಉಳಿದವರು ಐದು ಜನ ಕೂಡಿಸುವುದು ಕಷ್ಟ. ತಂಡವೇ ನಿಂತು ಹೋಗಬಹುದು. ಶಾಲೆ ತಂಡಕ್ಕೆ ಆಯ್ಕೆಯಾಗದ ಸಾಧಾರಣ ಆಟಗಾರನಿಗೆ ಆಗ ಎರಡೂ ಇಲ್ಲ.

ಖಾಸಗಿ ಶಾಲೆಯ ಮಕ್ಕಳು ಏನು ಪಾಪ ಮಾಡಿದ್ದರು?

ಕಾನೂನಿನ ಪ್ರಕಾರ ಹೋಮ್‌ಸ್ಕೂಲ್ ಒಂದು ಖಾಸಗಿ ಶಾಲೆ ಎಂದಾದರೆ, ಈಗ ಒಂದು ಬಗೆಯ ಖಾಸಗಿ ಶಾಲೆಯ ಮಗು ಸರ್ಕಾರಿ ಶಾಲೆಯ ತಂಡದಲ್ಲಿ ಆಡಬಹುದು. ಹನ್ನೆರಡು ಮಕ್ಕಳಿರುವ, ಮೈದಾನವೇ ಇಲ್ಲದ ಸಣ್ಣ ಖಾಸಗಿ ಶಾಲೆಯ ಮಗು ಆಡುವಂತಿಲ್ಲ. ಅದರ ಅಪ್ಪ-ಅಮ್ಮನೂ ಅದೇ ತೆರಿಗೆ ಕಟ್ಟುತ್ತಾರೆ. ಯುಐಎಲ್‌ಗೆ ಖಾಸಗಿ ಶಾಲೆಗಳು ಇಡಿಯಾಗಿ ಸೇರುವುದೂ ಬಹಳ ಅಪರೂಪ. ಡಾಲಸ್ ಮತ್ತು ಹ್ಯೂಸ್ಟನ್‌ನ ಎರಡು ಜೆಸ್ಯೂಟ್ ಶಾಲೆಗಳು ದೊಡ್ಡ ಅಪವಾದ. ತೆರಿಗೆಯ ವಾದವನ್ನು ನಿಜವಾಗಿ ನಂಬುವವರು ಇಲ್ಲಿಗೆ ಬಂದು ನಿಲ್ಲಬಾರದು, ಮುಂದಕ್ಕೂ ಹೋಗಬೇಕು. ಮುಂದಿನ ಮಸೂದೆ ಈ ದಿಕ್ಕಿನಿಂದ ಬಂದರೆ ಆಶ್ಚರ್ಯ ಪಡಬೇಕಿಲ್ಲ.

ಸಣ್ಣ ಊರಿನ ಲೆಕ್ಕ ಬೇರೆ

ಈ ಚರ್ಚೆಯೆಲ್ಲ ಆಲನ್‌ನಂಥ ದೊಡ್ಡ ಶಾಲೆಯನ್ನು ಕಣ್ಣ ಮುಂದೆ ಇಟ್ಟುಕೊಂಡೇ ನಡೆಯುತ್ತೆ. ಅಲ್ಲಿ ಒಂದು ಸ್ಥಾನಕ್ಕೆ ಎಷ್ಟೋ ಹುಡುಗರ ಪೈಪೋಟಿ. ವರ್ಷವಿಡೀ ಅದೇ ಶಾಲೆಯಲ್ಲಿ ಬೆಳಿಗ್ಗೆ ಹಾಜರಿ ಹಾಕಿಸಿಕೊಂಡವನ ಜಾಗ ಹೊರಗಿನಿಂದ ಬಂದವನಿಗೆ ಹೋದರೆ ಆ ಮನೆಯಲ್ಲಿ ಹೊಟ್ಟೆ ಉರಿಯುತ್ತೆ, ಸಹಜ. ಟೆಕ್ಸಾಸ್‌ನ ಹೈಸ್ಕೂಲ್ ಕೋಚ್‌ಗಳ ಸಂಘ 2025ರ ಮಸೂದೆಯನ್ನು ವಿರೋಧಿಸಿದ್ದರಲ್ಲೂ ಈ ಒತ್ತಡ ಕಾಣುತ್ತೆ.

ಪಶ್ಚಿಮ ಟೆಕ್ಸಾಸ್‌ನ ಸಣ್ಣ ಊರುಗಳಲ್ಲಿ ಸಮಸ್ಯೆ ಇದಕ್ಕೆ ಉಲ್ಟಾ. ಯುಐಎಲ್ ಶಾಲೆಗಳನ್ನು ಮಕ್ಕಳ ಸಂಖ್ಯೆ ನೋಡಿ 1ಎ ಯಿಂದ 6ಎ ವರೆಗೆ ಭಾಗ ಮಾಡುತ್ತೆ. ಅತಿ ಸಣ್ಣ ಶಾಲೆಗಳು ಹನ್ನೊಂದು ಜನರ ಫುಟ್‌ಬಾಲ್ ಆಡುವುದೇ ಇಲ್ಲ. ಅಲ್ಲಿ ಆರು ಜನರ ಫುಟ್‌ಬಾಲ್. 1934ರಲ್ಲಿ ನೆಬ್ರಾಸ್ಕಾದಲ್ಲಿ, ಸಣ್ಣ ಶಾಲೆಗಳಿಗೆಂದೇ ಹುಟ್ಟಿದ ಆಟ ಅದು. ಆರು ಜನರ ತಂಡದಲ್ಲಿ ಇಬ್ಬರಿಗೆ ಕಾಲು ಉಳುಕಿದರೆ ಆ ವಾರದ ಮ್ಯಾಚೇ ರದ್ದಾಗಬಹುದು. ಅಂಥ ಊರಿನಲ್ಲಿ ಹತ್ತಿರದ ರಾಂಚ್ ಒಂದರಲ್ಲಿ ಮನೆಯಲ್ಲೇ ಓದುವ ಇಬ್ಬರು ಅಣ್ಣ-ತಮ್ಮಂದಿರಿದ್ದರೆ ಕೋಚ್ ಅವರನ್ನು ಬೇಡ ಅಂತಾನಾ? ಒಂದೇ ಕಾನೂನು ದೊಡ್ಡ ಶಾಲೆಗೆ ತಲೆನೋವು, ಸಣ್ಣ ಶಾಲೆಗೆ ತಂಡ ಉಳಿಸುವ ದಾರಿ. ತೀರ್ಮಾನವನ್ನು ಬೋರ್ಡ್‌ಗಳಿಗೆ ಬಿಟ್ಟದ್ದಕ್ಕೆ ಒಂದು ಸಮರ್ಥನೆ ಇದ್ದರೆ ಅದು ಇದೇ.

ಇನ್ನು ಏನಾಗಬಹುದು

ಹೋಮ್‌ಸ್ಕೂಲ್ ಈಗ ಮೂಲೆಯ ಸಂಗತಿಯಲ್ಲ. 1999ರಲ್ಲಿ ಅಮೆರಿಕದಲ್ಲಿ ಅಂದಾಜು 8.5 ಲಕ್ಷ ಮಕ್ಕಳು ಮನೆಯಲ್ಲಿ ಓದುತ್ತಿದ್ದರು. 2012ರ ಹೊತ್ತಿಗೆ ಅದು 17 ಲಕ್ಷ ದಾಟಿತ್ತು. ಕೋವಿಡ್ ವರ್ಷದಲ್ಲಿ, 2020ರ ವಸಂತದಿಂದ ಶರತ್ಕಾಲದೊಳಗೆ, ಹೋಮ್‌ಸ್ಕೂಲ್ ಮಾಡುತ್ತೇವೆ ಎಂದ ಮನೆಗಳ ಪಾಲು ಶೇ. 5.4ರಿಂದ ಶೇ. 11.1ಕ್ಕೆ ಏರಿತು ಎಂದು ಜನಗಣತಿ ಇಲಾಖೆಯ ಸಮೀಕ್ಷೆ ಹೇಳಿತು. ಆಮೇಲೆ ಎಷ್ಟೋ ಮಕ್ಕಳು ಶಾಲೆಗೆ ಮರಳಿದರು. ಆದರೂ ಹೋಮ್‌ಸ್ಕೂಲ್ ಅಂದರೆ ಧಾರ್ಮಿಕ ಕುಟುಂಬಗಳು ಮಾತ್ರ ಎನ್ನುವ ಕಾಲ ಮುಗಿದಿದೆ.

ಅದರ ಮೇಲೆ, 2025ರಲ್ಲೇ ಟೆಕ್ಸಾಸ್ ಇನ್ನೊಂದು ಕಾನೂನು ಮಾಡಿದೆ. ಸರ್ಕಾರಿ ಶಾಲೆಯಿಂದ ಹೊರಗೆ ಓದುವ ಮಕ್ಕಳಿಗೆ ಸರ್ಕಾರವೇ ಹಣ ಕೊಡುವ ಯೋಜನೆ ಅದು. ಮೊದಲ ಹಂತಕ್ಕೆ 100 ಕೋಟಿ ಡಾಲರ್ ಇಟ್ಟಿದ್ದಾರೆ. ಶುರು 2026-27ರ ಶಾಲಾ ವರ್ಷದಿಂದ, ಹೋಮ್‌ಸ್ಕೂಲ್ ಮಗುವಿಗೆ ವರ್ಷಕ್ಕೆ 2,000 ಡಾಲರ್ ತನಕ. ಎರಡು ಕಾನೂನುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬೋರ್ಡ್‌ಗಳ ಸಿಟ್ಟು ಅರ್ಥವಾಗುತ್ತೆ. ಒಂದು ಕೈ ಶಾಲೆ ಬಿಡಲು ದುಡ್ಡು ಕೊಡುತ್ತೆ. ಇನ್ನೊಂದು ಕೈ, ಬಿಟ್ಟರೂ ತಂಡ ನಿನ್ನದೇ ಅನ್ನುತ್ತೆ.

'ಬೇಡ' ಎಂದ ಬೋರ್ಡ್‌ಗಳು ಎಷ್ಟು ದಿನ ಹಾಗೇ ಇರುತ್ತವೆ ಎನ್ನುವುದು ಮುಂದಿನ ಪ್ರಶ್ನೆ. 2025ರ ಕಾನೂನಿನಲ್ಲಿ ಒಂದು ಚಿಕ್ಕ ಕೊಕ್ಕೆ ಇದೆ. ತನ್ನ ಡಿಸ್ಟ್ರಿಕ್ಟ್ ಬೇಡ ಎಂದರೆ ಆ ಮಗು ಹತ್ತಿರದ, ಹೂಂ ಎಂದ ಡಿಸ್ಟ್ರಿಕ್ಟ್‌ನಲ್ಲಿ ಆಡಬಹುದು. ಆಲೋಚಿಸಿ: ನಮ್ಮೂರ ಬೋರ್ಡ್ ಬೇಡ ಎಂದು ಮತ ಹಾಕಿತು. ನಮ್ಮೂರ ಹುಡುಗ ಪಕ್ಕದೂರ ಜೆರ್ಸಿ ಹಾಕಿಕೊಂಡು ಬಂದು ನಮ್ಮದೇ ಸ್ಟೇಡಿಯಂನಲ್ಲಿ ನಮ್ಮ ವಿರುದ್ಧವೇ ಟಚ್‌ಡೌನ್ ಮಾಡಿ ಅಂಕ ಗಳಿಸಿದ. ತೆರಿಗೆ, ಅಂಕ, ಶಿಸ್ತಿನ ವಾದಗಳೆಲ್ಲ ಎಷ್ಟೇ ಗಟ್ಟಿ ಇರಲಿ, ಮುಂದಿನ ಬೋರ್ಡ್ ಸಭೆಯಲ್ಲಿ ಎದ್ದು ನಿಲ್ಲುವವರು ಮೊದಲು ಕೇಳುವುದು ಆ ಟಚ್‌ಡೌನ್ ಬಗ್ಗೆ.